ಐದೂವರೆ ಮನೆಯಿಂದ ಎರಡು ಮನೆಗೆ

ಹೋದ ವಾರ ನನ್ನ ಜೊತೆ ಸಂಗೀತ ಕಲಿತ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಸಂಗೀತದಲ್ಲಿ ಡಿಗ್ರಿ ಮುಗಿಸಿದ್ದಾಳೆ, ತುಂಬ ಚೆನ್ನಾಗಿ ಹಾಡುತ್ತಾಳೆ. "ಅಕ್ಕಾ, ಎಲ್ಲೂ ಕೆಲಸ ಸಿಗ್ತಿಲ್ಲ. ನಿಂಗೆ ಶಾಲೆ ಕೆಲಸ ಹೇಗೆ ಸಿಕ್ತು?" ಅಂತ ಕೇಳಿದಳು. ನಾನು ಬಸ್ಸಿನಲ್ಲಿದ್ದೆ, ಸರಿಯಾಗಿ ಮಾತಾಡಲು ಆಗಲಿಲ್ಲ. "ಮೊದಲು ನಿನ್ನ ಶ್ರುತಿ ಬದಲಾಯಿಸು" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಹಾಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಮಾತೂ ಅಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅವಳಿಗೂ ಆಯಿತು, ಅವಳ ಥರ ಹುಡುಕುತ್ತಿರುವ ಬೇರೆಯವರಿಗೂ ಆಯಿತು.

ನನಗೆ ಕೆಲಸ ಸಿಗಲು ಹನ್ನೊಂದು ತಿಂಗಳು ಬೇಕಾಯಿತು. 23 ಶಾಲೆಗಳಿಗೆ ಅರ್ಜಿ ಹಾಕಿದ್ದೆ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ, ಈಗಲೂ ಇದೆ. ಹೆಚ್ಚಿನವುಗಳ ಮುಂದೆ ಏನೂ ಇಲ್ಲ, ಖಾಲಿ. ಉತ್ತರವೇ ಬರಲಿಲ್ಲ. ಡೆಮೊ ಕ್ಲಾಸಿಗೆ ಅಂತ ಕರೆದದ್ದು ಮೂರು ಶಾಲೆಗಳು ಮಾತ್ರ.

ಉತ್ತರ ಯಾಕೆ ಬರಲಿಲ್ಲ ಅನ್ನುವುದು ಈಗ ಗೊತ್ತಾಗುತ್ತದೆ. ನನ್ನ ಮೊದಲ ಬಯೋಡೇಟಾ ಮೂರು ಪುಟ ಇತ್ತು. ಎಷ್ಟನೇ ವಯಸ್ಸಿಗೆ ಪಾಠ ಶುರುವಾಯಿತು, ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ, ಎಲ್ಲೆಲ್ಲಿ ಸಂಗೀತ ಕಚೇರಿ ಮಾಡಿದ್ದೇನೆ, ಎಷ್ಟು ರಾಗ ಗೊತ್ತು. ಅಷ್ಟೂ ನಿಜವೇ. ಆದರೆ ಅದನ್ನು ಓದುವ ಹೆಡ್‌ಮಿಸ್ಟ್ರೆಸ್ ತಲೆಯಲ್ಲಿ ಇರುವ ಪ್ರಶ್ನೆ ಬೇರೆ. ಮಂಗಳವಾರ ಮೂರನೇ ಪೀರಿಯಡ್, ನಾಲ್ಕನೇ ಕ್ಲಾಸು, ಮೂವತ್ತಾರು ಮಕ್ಕಳು. ಈ ಹುಡುಗಿ ಒಳಗೆ ಹೋದರೆ ಏನಾಗುತ್ತದೆ? ಆ ಮೂರು ಪುಟದಲ್ಲಿ ಒಂದು ಸಾಲೂ ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಮಕ್ಕಳು ಅನ್ನುವ ಪದವೇ ಎರಡು ಕಡೆ ಬಂದಿತ್ತು, ಅಷ್ಟೇ.

ಮೊದಲ ಡೆಮೊ ನೆನೆಸಿಕೊಂಡರೆ ಈಗಲೂ ಹೊಟ್ಟೆಯೊಳಗೆ ಏನೋ ಆಗುತ್ತದೆ. ಮೂರನೇ ಕ್ಲಾಸಿನ ಮಕ್ಕಳು. ಹಿಂದೆ ಇಬ್ಬರು ಹಿರಿಯ ಟೀಚರ್‌ಗಳು ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಶ್ರುತಿಪೆಟ್ಟಿಗೆಯನ್ನು ನನ್ನ ಐದೂವರೆ ಮನೆಗೆ ಇಟ್ಟೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ನನ್ನ ಷಡ್ಜ, ಅಂದರೆ ಸ, ಕೂರುವ ಜಾಗ ಅದು. ಹದಿನೈದು ವರ್ಷದಿಂದ ಅದೇ ನನ್ನ ಶ್ರುತಿ, ಬೇರೆ ಯೋಚನೆಯೇ ಬರಲಿಲ್ಲ. ಒಂದು ಪುಟ್ಟ ಆಲಾಪನೆ ಮಾಡಿದೆ. ಆಮೇಲೆ ಮಾಯಾಮಾಳವಗೌಳ ರಾಗದಲ್ಲಿ ಮೊದಲ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಪಾಠ, ಹೇಳಿಕೊಟ್ಟೆ. ಸ ರಿ ಗ ಮ ಅಂದೆ. ಮಕ್ಕಳಿಂದ ಒಂಥರಾ ಗೊರಗೊರ ಸದ್ದು ಬಂತು. ಕೆಲವರು ಹೇಳಿದರು, ಹಾಡಲಿಲ್ಲ. ಕೆಲವರು ಮೇಲಿನ ಯಾವುದೋ ಸ್ವರ ಹಿಡಿದು ಕೂಗಿದರು. ನಾನು "ಜೋರಾಗಿ, ಶ್ರುತಿ ಸೇರಿಸಿ" ಅಂದೆ. ಜೋರಾಯಿತು, ಶ್ರುತಿ ಸೇರಲಿಲ್ಲ. ಹತ್ತು ನಿಮಿಷಕ್ಕೆ ಹಿಂದಿನ ಸಾಲಿನ ಮಕ್ಕಳು ಪೆನ್ಸಿಲ್ ಬಾಕ್ಸ್ ತೆಗೆದಿದ್ದರು. ನಾನು ಇನ್ನೂ ಚೆನ್ನಾಗಿ ಹಾಡಿದೆ. ಅದೇ ನನಗೆ ಗೊತ್ತಿದ್ದ ಒಂದೇ ದಾರಿ.

ಹೊರಗೆ ಬಂದ ಮೇಲೆ ಆ ಟೀಚರ್‌ಗಳಲ್ಲಿ ಒಬ್ಬರು, "ನೀವು ತುಂಬ ಚೆನ್ನಾಗಿ ಹಾಡ್ತೀರಿ" ಅಂದರು. ಆ ಮಾತಿನಲ್ಲಿ ಪ್ರೀತಿ ಇತ್ತು. ಕೆಲಸ ಇರಲಿಲ್ಲ.

ಎರಡನೇ ಡೆಮೊ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಪಾಠ ತಕ್ಕಮಟ್ಟಿಗೆ ನಡೆಯಿತು. ಆಮೇಲೆ ಅವರಿಗೆ ಕಾರ್ಯಕ್ರಮಕ್ಕೆ ಮಕ್ಕಳನ್ನು ತಯಾರು ಮಾಡುವವರು ಎರಡು ತಿಂಗಳಿಗೆ ಮಾತ್ರ ಬೇಕಿತ್ತು ಅಂತ ಗೊತ್ತಾಯಿತು. ಮೊದಲೇ ಕೇಳಬಹುದಿತ್ತು, ಕೇಳಲಿಲ್ಲ.

ಅಷ್ಟು ಹೊತ್ತಿಗೆ ಏಳು ತಿಂಗಳಾಗಿತ್ತು. ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ. ಈ ಸುಳಿಯೊಳಗೆ ಸಿಕ್ಕಿಕೊಂಡವರಿಗೆ ಗೊತ್ತು ಅದರ ಕಷ್ಟ. ನಾನು ಕೊನೆಗೆ ಒಂದು ಪತ್ರ ಬರೆದೆ. ಅರ್ಜಿ ಅಲ್ಲ, ಪತ್ರ. ಬಹಳ ವರ್ಷದಿಂದ ಮಕ್ಕಳಿಗೆ ಹಾಡು ಹೇಳಿಕೊಡುತ್ತಿರುವ ಒಬ್ಬ ಸಂಗೀತ ಟೀಚರ್ ಬಗ್ಗೆ ಕೇಳಿದ್ದೆ. ನಿವೃತ್ತಿಗೆ ಎರಡು ವರ್ಷ ಇತ್ತು ಅವರಿಗೆ. "ನನಗೆ ಕೆಲಸ ಬೇಡ. ನಿಮ್ಮ ಕ್ಲಾಸಿನಲ್ಲಿ ಹಿಂದೆ ಕೂತು ನೋಡಬಹುದಾ?" ಅಂತ ಕೇಳಿದೆ. ಅವರು ಶಾಲೆಯಿಂದ ಒಪ್ಪಿಗೆ ಕೊಡಿಸಿದರು. ವಾರಕ್ಕೊಮ್ಮೆ, ಹತ್ತು ವಾರ.

ಮೊದಲ ದಿನ ನಾನು ನೋಟ್‌ಬುಕ್ ಹಿಡಿದು ಕೂತಿದ್ದೆ, ಅವರು ಹೇಳುವುದನ್ನೆಲ್ಲ ಬರೆದುಕೊಳ್ಳೋಣ ಅಂತ. ಬರೆಯಲು ಏನೂ ಸಿಗಲಿಲ್ಲ. ನಲವತ್ತು ನಿಮಿಷದಲ್ಲಿ ಅವರು ಮಾತಾಡಿದ್ದು ಐದು ನಿಮಿಷವೂ ಇರಲಿಕ್ಕಿಲ್ಲ. ಬಾಗಿಲಲ್ಲಿ ಬರುವಾಗಲೇ ಚಪ್ಪಾಳೆಯಲ್ಲಿ ಒಂದು ಲಯ ತಟ್ಟಿದರು. ಒಳಗೆ ಗಲಾಟೆಯೋ ಗಲಾಟೆ. ಮುಂದಿನ ಸಾಲಿನ ನಾಲ್ಕು ಮಕ್ಕಳು ಅದೇ ಲಯ ವಾಪಸ್ ತಟ್ಟಿದರು. ಅವರು ಇನ್ನೊಂದು ತಟ್ಟಿದರು. ಈ ಸಲ ಅರ್ಧ ಕ್ಲಾಸು. ಮೂರನೆಯದಕ್ಕೆ ಇಡೀ ಕ್ಲಾಸು. "ಸುಮ್ಮನಿರಿ" ಅನ್ನುವ ಮಾತೇ ಬರಲಿಲ್ಲ. ಆ ಹತ್ತು ವಾರದಲ್ಲಿ ಒಂದು ಸಲವೂ ಬರಲಿಲ್ಲ, ನಾನು ಎಣಿಸುತ್ತಿದ್ದೆ.

ಪಾಠ ಮುಗಿದ ಮೇಲೆ ಹಾರ್ಮೋನಿಯಂ ಮುಂದೆ ಕೂರಿಸಿಕೊಂಡು ಕೇಳಿದರು.

"ನಿನ್ನ ಷಡ್ಜ ಎಷ್ಟು?"

"ಐದೂವರೆ ಮನೆ, ಮೇಡಂ."

"ಮಕ್ಕಳದ್ದು?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆ ಯಾವತ್ತೂ ನನ್ನ ತಲೆಗೆ ಬಂದಿರಲಿಲ್ಲ.

ಅವರು ಬಾಗಿಲ ಹತ್ತಿರ ನಿಂತಿದ್ದ ಒಂದು ಹುಡುಗಿಯನ್ನು ಕರೆದರು. ಏಳೆಂಟು ವರ್ಷ ಇರಬಹುದು. ನನ್ನ ಐದೂವರೆ ಒತ್ತಿ, "ಸಾ ಅನ್ನು ಪುಟ್ಟಿ" ಅಂದರು. ಮಗು ಗದ್ದವನ್ನು ಎದೆಗೆ ಒತ್ತಿಕೊಂಡಿತು. ಹುಬ್ಬು ಗಂಟಾಯಿತು. ಗಂಟಲ ತಳದಿಂದ ಒಂದು ಒಣ ಸದ್ದು ಹೊರಟಿತು. ಆಮೇಲೆ ಅವರು ಅದರ ಮೇಲಿನ, ಏಳು ಮುಗಿದು ಮತ್ತೆ ಒಂದರಿಂದ ಎಣಿಸಿದರೆ ಬರುವ 'ಎರಡು ಮನೆ' ಒತ್ತಿದರು. "ಈಗ ಅನ್ನು." ಗದ್ದ ತಾನಾಗಿ ಮೇಲೆ ಬಂತು. ಕಣ್ಣು ಅರಳಿತು. ಗಂಟೆ ಬಾರಿಸಿದ ಹಾಗೆ "ಸಾ" ಅಂತ ಬಂತು ಧ್ವನಿ. ಅದೇ ಮಗು, ಅದೇ ನಿಮಿಷ.

ಲೆಕ್ಕ ಸರಳ. ನನ್ನ ಐದೂವರೆ ಅಂದರೆ ಸೆಕೆಂಡಿಗೆ ಸುಮಾರು 208 ಕಂಪನ. ಮೇಲಿನ ಎರಡು ಮನೆ ಅಂದರೆ ಸುಮಾರು 294. ನನ್ನ ಪ್ರತಿಮಧ್ಯಮ (ಪ ಪಕ್ಕದ ಮೇಲಿನ ಮ) ಎಲ್ಲಿದೆಯೋ ಅಲ್ಲಿದೆ ಮಕ್ಕಳ ಷಡ್ಜ. ಚಿಕ್ಕ ಮಕ್ಕಳ ಧ್ವನಿತಂತುಗಳು ಗಿಡ್ಡ, ತೆಳು. ಅವರಿಗೆ ಹಾಡಲು ಆರಾಮ ಅನ್ನಿಸುವ ಜಾಗ ಹೆಚ್ಚುಕಡಿಮೆ ಆ 'ಎರಡು ಮನೆ'ಯಿಂದ ಅದರ ಪಂಚಮದವರೆಗೆ (ಪ), ಅಂದರೆ 440ರವರೆಗೆ. ಇನ್ನೊಂದು ಸ್ವರ ಮೇಲೆ ಹೋದರೂ ತೊಂದರೆ ಇಲ್ಲ. ಕೆಳಗೆ ಎಳೆದರೆ ಅದು ಮಾತಿನ ಜಾಗ, ಹಾಡಿನ ಜಾಗ ಅಲ್ಲ. ಅಲ್ಲಿಗೆ ಎಳೆದು, "ಈ ಮಕ್ಕಳಿಗೆ ಶ್ರುತಿಜ್ಞಾನ ಇಲ್ಲ" ಅಂದುಬಿಡುತ್ತೇವೆ. ನಾನೂ ಆ ಡೆಮೊ ಮುಗಿಸಿ ಬಂದ ದಿನ ಹಾಗೇ ಅಂದಿದ್ದೆ. ಆ ಮೂರನೇ ಕ್ಲಾಸಿನ ಮಕ್ಕಳು ತಪ್ಪು ಹಾಡಿರಲಿಲ್ಲ. ನಾನು ಅವರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ್ದೆ.

ಮನೆಗೆ ಬಂದು ನನ್ನ ಶ್ರುತಿಪೆಟ್ಟಿಗೆ ತಿರುಗಿಸಿ ಎರಡಕ್ಕೆ ಇಟ್ಟೆ. ಎಷ್ಟು ವಿಚಿತ್ರ ಅನ್ನಿಸಿತು ಗೊತ್ತಾ! ಪರಿಚಯದ ಸ್ವರಗಳೆಲ್ಲ ಮನೆ ಬದಲಾಯಿಸಿದ್ದವು. ದಿನಾ ಅರ್ಧ ಗಂಟೆ ಅದೇ ಶ್ರುತಿಯಲ್ಲಿ ಹಾಡಿದೆ, ಜೋರಿಲ್ಲದೆ, ಗಮಕ (ಸ್ವರವನ್ನು ಅಲುಗಾಡಿಸುವುದು) ಇಲ್ಲದೆ, ನೇರವಾಗಿ. ಗಮಕ ಬಿಟ್ಟು ಹಾಡುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಆದರೆ ಮಗು ಮೊದಲ ಸಲ ಕೇಳಿ ವಾಪಸ್ ಹೇಳಬೇಕಾದದ್ದು ಸ್ವರ. ಅದು ಅಲುಗಾಡುತ್ತಿದ್ದರೆ ಎಲ್ಲಿ ಹಿಡಿಯುವುದು ಪಾಪ?

ಆ ಹತ್ತು ವಾರದಲ್ಲಿ ನಾನು ಓದಿದ್ದೂ ಜಾಸ್ತಿಯೇ. ಹಂಗೆರಿಯ ಸಂಗೀತಗಾರ ಜೊಲ್ತಾನ್ ಕೊದಾಯ್ (1882–1967) ಮಕ್ಕಳಿಗೆ ಕಲಿಸುವ ಬಗ್ಗೆ ಯೋಚಿಸಿದ್ದು, ಜರ್ಮನಿಯ ಕಾರ್ಲ್ ಓರ್ಫ್ (1895–1982) ಚಪ್ಪಾಳೆ, ತೊಡೆ ತಟ್ಟುವುದು, ಕಾಲು ಬಡಿಯುವುದು ಎಲ್ಲವನ್ನೂ ವಾದ್ಯ ಮಾಡಿದ್ದು. ಕೊದಾಯ್ ದಾರಿಯಲ್ಲಿ ಮಕ್ಕಳಿಗೆ ಮೊದಲು ಕಲಿಸುವುದು ಎರಡೇ ಸ್ವರ. ನಮ್ಮ ಲೆಕ್ಕದಲ್ಲಿ ಪ ಮತ್ತು ಅಂತರ ಗಾಂಧಾರ, ಅಂದರೆ ಮೇಲಿನ ಗ. ಪ–ಗ. ಮಕ್ಕಳು ದೂರದಿಂದ ಯಾರನ್ನಾದರೂ ಕೂಗುವುದನ್ನು ಒಮ್ಮೆ ಕಿವಿಗೊಟ್ಟು ಕೇಳಿ. "ಅಮ್—ಮಾ", "ಬಾ—ರೋ". ಎಷ್ಟೋ ಸಲ ಅದೇ ಪ–ಗ ಬರುತ್ತದೆ. ಮಗುವಿಗೆ ಆಗಲೇ ಬರುವ ಸ್ವರದಿಂದ ಶುರು. ಆಮೇಲೆ ಧ. ಆಮೇಲೆ ಕೆಳಗೆ ರಿ, ಸ. ಓರ್ಫ್ ಕೂಡ ಇದೇ ಐದು ಸ್ವರಗಳಲ್ಲಿ ಮಕ್ಕಳನ್ನು ಆಡಿಸುತ್ತಾರೆ. ಐದನ್ನೂ ಜೋಡಿಸಿ ನೋಡಿ: ಸ ರಿ ಗ ಪ ಧ. ನಮ್ಮ ಮೋಹನ ರಾಗ! ಅದನ್ನು ಕಂಡುಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಾಯಾಮಾಳವಗೌಳದಿಂದ ಶುರು ಮಾಡುವ ಕ್ರಮ ಪುರಂದರದಾಸರಿಂದ ಬಂದದ್ದು ಅಂತ ಹೇಳುತ್ತಾರೆ. ಅದರ ಜಾಣತನ ದೊಡ್ಡದು. ಸ ರಿ ಗ ಮ ಹೇಗಿದೆಯೋ ಪ ಧ ನಿ ಸ ಹಾಗೇ ಇದೆ, ಅದೇ ಅಂತರ. ಕೆಳಗಿನ ಅರ್ಧ ಬಂದರೆ ಮೇಲಿನ ಅರ್ಧ ಬಂದ ಹಾಗೆ. ನಾನು ಕಲಿತದ್ದು ಹಾಗೆ, ನನ್ನ ಹತ್ತಿರ ಪಾಠಕ್ಕೆ ಬರುವವರಿಗೆ ಇವತ್ತಿಗೂ ಹಾಗೇ ಹೇಳಿಕೊಡುತ್ತೇನೆ. ಆದರೆ ಅದು ಗುರುವಿನ ಮುಂದೆ ದಿನಾ ಕೂರುವ ಮಗುವಿಗೆ. ಶಾಲೆಯಲ್ಲಿ ನನಗೆ ಸಿಗುವುದು ವಾರಕ್ಕೆ ನಲವತ್ತು ನಿಮಿಷ, ಎದುರಿಗೆ ಮೂವತ್ತಾರು ಮಕ್ಕಳು. ಸಾದಿಂದ ಅದರ ಪಕ್ಕದಲ್ಲೇ ಇರುವ ಶುದ್ಧ ರಿಷಭಕ್ಕೆ (ರಿ) ಪುಟ್ಟ ಹೆಜ್ಜೆ ಇಡುವುದು ಅಷ್ಟು ಮಕ್ಕಳಿಗೆ ಒಟ್ಟಿಗೆ ಸುಲಭ ಅಲ್ಲ. ಮೋಹನದಲ್ಲಿ ಅಂಥ ಒತ್ತೊತ್ತಿನ ಸ್ವರಗಳೇ ಇಲ್ಲ. ಆದ್ದರಿಂದ ಶಾಲೆಯಲ್ಲಿ ಮೋಹನ ಮೊದಲು. ಇದಕ್ಕೆ ಬೈದವರೂ ಇದ್ದಾರೆ. ಇರಲಿ, ನಾನು ಇದರಲ್ಲಿ ಗಟ್ಟಿಯಾಗಿದ್ದೇನೆ.

ಬಯೋಡೇಟಾ ಹೊಸದಾಗಿ ಬರೆದೆ. ಒಂದೇ ಪುಟ. ಮೇಲೆಯೇ ಮಕ್ಕಳ ವಿಷಯ. ಹತ್ತು ವಾರ ಯಾವ ಯಾವ ಕ್ಲಾಸು ನೋಡಿದೆ, ಕೊನೆಯ ಮೂರು ವಾರ ಆ ಮೇಡಂ ನನ್ನ ಕೈಗೆ ಹದಿನೈದು ಹದಿನೈದು ನಿಮಿಷ ಕೊಟ್ಟಾಗ ಏನು ಮಾಡಿಸಿದೆ, ಅಕ್ಕಪಕ್ಕದ ಒಂಬತ್ತು ಮಕ್ಕಳನ್ನು ಭಾನುವಾರ ಸೇರಿಸಿ ಏನು ಹಾಡಿಸಿದೆ. ಕಚೇರಿ, ಪರೀಕ್ಷೆ ಎಲ್ಲ ಕೆಳಗೆ ನಾಲ್ಕು ಸಾಲಿಗೆ ಬಂತು. ಆ ನಾಲ್ಕು ಸಾಲಿಗೆ ಇಳಿಸುವಾಗ ಮನಸ್ಸಿಗೆ ಕಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ಹದಿನೈದು ವರ್ಷದ ಶ್ರಮ ಅದು.

ಮೂರನೇ ಡೆಮೊಗೆ ಕರೆದಾಗ ಈ ಸಲ ಮೊದಲು ನಾನೇ ಫೋನ್ ಮಾಡಿ ಕೇಳಿದೆ. ಯಾವ ಕ್ಲಾಸು? ಎಷ್ಟು ಮಕ್ಕಳು? ಎಷ್ಟು ನಿಮಿಷ? ಬೆಂಚಾ, ನೆಲವಾ? ಪಕ್ಕದಲ್ಲಿ ಬೇರೆ ಕ್ಲಾಸು ನಡೀತಿರುತ್ತಾ? ಫೋನ್ ತೆಗೆದವರು ಎಲ್ಲಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟರು. ನಾಲ್ಕನೇ ಕ್ಲಾಸು, 36 ಮಕ್ಕಳು, ಇಪ್ಪತ್ತು ನಿಮಿಷ, ಬೆಂಚು. ಪಕ್ಕದಲ್ಲಿ ಗಣಿತ.

ಎಂಟು ಸಾಲಿನ ಒಂದು ಪುಟ್ಟ ಹಾಡು ಕಟ್ಟಿಕೊಂಡು ಹೋದೆ. ಬೆಂಚಿನ ಮೇಲೆ ಕೂತ ಇರುವೆಯ ಬಗ್ಗೆ. ಪ, ಗ, ಧ ಮೂರೇ ಸ್ವರ. ಕೊನೆಯ ಸಾಲು ಮಾತ್ರ ಷಡ್ಜಕ್ಕೆ ಬಂದು ಕೂರುತ್ತದೆ.

ಆ ದಿನ ಬಾಗಿಲಲ್ಲಿ ನಿಂತಾಗ ಎದೆ ಡವಡವ ಅನ್ನುತ್ತಿತ್ತು. ಮಾತಾಡಿದರೆ ಧ್ವನಿ ನಡುಗುತ್ತದೆ ಅಂತ ಗೊತ್ತಿತ್ತು. ಅದಕ್ಕೆ ಮಾತಾಡಲಿಲ್ಲ, ಚಪ್ಪಾಳೆ ತಟ್ಟಿದೆ. ತ ಕ ಧಿ ಮಿ, ತಾ, ತಾ. ಯಾರೂ ಏನೂ ಮಾಡಲಿಲ್ಲ. ಕಣ್ಣು ಪಿಳಿಪಿಳಿ ಬಿಟ್ಟರು. ಕೈಯನ್ನು ಅವರ ಕಡೆ ಚಾಚಿ ಕಾದೆ. ಆ ಮೌನ ಬಹಳ ಉದ್ದ ಅನ್ನಿಸಿತು. ಕಿಟಕಿ ಪಕ್ಕದ ಎರಡು ಜಡೆಯ ಹುಡುಗಿ ತಟ್ಟಿದಳು. ಸರಿಯಾಗಿ ತಟ್ಟಿದಳು! ಎರಡನೇ ಸಲ ಹತ್ತು ಜನ. ನಾಲ್ಕನೇ ಸಲಕ್ಕೆ ಬೆಂಚುಗಳೇ ನಡುಗಿದವು. ಆಮೇಲೆ ತುಂಬ ಮೆತ್ತಗೆ, ಎರಡು ಬೆರಳಿನಲ್ಲಿ ತಟ್ಟಿದೆ. ಅವರೂ ಎರಡು ಬೆರಳು. ಇಡೀ ಕ್ಲಾಸು ಉಸಿರು ಬಿಗಿ ಹಿಡಿದ ಹಾಗಿತ್ತು. ಪಕ್ಕದ ಕ್ಲಾಸಿನ ಮಗ್ಗಿ ಕೇಳಿಸುತ್ತಿತ್ತು.

ಅದೇ ಹೊತ್ತಿಗೆ ಶ್ರುತಿಪೆಟ್ಟಿಗೆ ನಿಂತುಹೋಯಿತು. ಚಾರ್ಜ್ ಮುಗಿದಿತ್ತು. ಒಂದು ಕ್ಷಣ ದಿಕ್ಕೇ ತೋಚಲಿಲ್ಲ. ಆದರೆ ಎರಡು ತಿಂಗಳು ದಿನಾ ಅದೇ ಷಡ್ಜದಲ್ಲಿ ಹಾಡಿದ್ದೆನಲ್ಲ, ಅದು ಕಿವಿಯಲ್ಲೇ ಇತ್ತು. ಮೇಲಿನ ಪಂಚಮ ಹಿಡಿದು ಮುಂದಿನ ಸಾಲಿನ ಒಬ್ಬೊಬ್ಬರ ಹೆಸರು ಕೇಳಿ ಪ–ಗದಲ್ಲಿ ಕರೆದೆ. ಹೆಸರು ಕರೆಸಿಕೊಂಡವರು ಅದೇ ಸ್ವರದಲ್ಲಿ "ಇದ್—ದೇನೆ" ಅನ್ನಬೇಕು. ಕೈಯಲ್ಲಿ ಸ್ವರ ತೋರಿಸಿದೆ: ಪ ಅಂದರೆ ಅಂಗೈ ಎದೆಯ ಕಡೆಗೆ, ಗ ಅಂದರೆ ಅಂಗೈ ನೆಲದ ಕಡೆಗೆ. ಈ ಕೈಸನ್ನೆಗಳು ಇಂಗ್ಲೆಂಡಿನ ಪಾದ್ರಿ ಜಾನ್ ಕರ್ವೆನ್ ಮಾಡಿದ್ದು. 19ನೇ ಶತಮಾನದಲ್ಲಿ ಸಾರಾ ಗ್ಲೋವರ್ ಅನ್ನುವ ಟೀಚರ್ ತನ್ನ ಮಕ್ಕಳಿಗಾಗಿ ಕಟ್ಟಿದ ಪದ್ಧತಿಯನ್ನು ಅವರು ತೆಗೆದುಕೊಂಡು ಬೆಳೆಸಿದರು. ಕೊದಾಯ್ ದಾರಿಗೆ ಬಂದದ್ದು ಅಲ್ಲಿಂದ. ಕಣ್ಣಿಗೂ ಸ್ವರ ಕಾಣುವ ಹಾಗೆ ಮಾಡುತ್ತವೆ. ಮಾತೇ ಬೇಡ.

ಹದಿನೆಂಟನೇ ನಿಮಿಷಕ್ಕೆ ಇಡೀ ಇರುವೆ ಹಾಡು ಬಂದಿತ್ತು. ನಾನು ನಿಲ್ಲಿಸಿದೆ, ಅವರು ನಿಲ್ಲಿಸಲಿಲ್ಲ. ಹಿಂದೆ ಕೂತಿದ್ದ ಹೆಡ್‌ಮಿಸ್ಟ್ರೆಸ್ ಕೈ ಎದೆಯ ಮುಂದೆ ಇತ್ತು, ಅಂಗೈ ಒಳಗೆ. ಅವರೂ ಹಾಡುತ್ತಿದ್ದರು.

ಸಂದರ್ಶನದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಇದು: "ಹಾಡೋಕೆ ಬರದ ಮಗು ಬಂದ್ರೆ ಏನ್ಮಾಡ್ತೀರಿ?" ಮೊದಲಾಗಿದ್ದರೆ ಅಭ್ಯಾಸ, ಶ್ರದ್ಧೆ ಅಂತೆಲ್ಲ ಹೇಳುತ್ತಿದ್ದೆ. ಆ ದಿನ, "ಮೊದಲು ಅದು ಯಾವ ಸ್ವರದಲ್ಲಿದೆ ಅಂತ ಕೇಳಿಸ್ಕೋತೀನಿ. ನಾನು ಅಲ್ಲಿಗೆ ಹೋಗ್ತೀನಿ" ಅಂದೆ. ಅವರು ಅದನ್ನು ಬರೆದುಕೊಂಡರು. ಎರಡನೆಯದು, ಏಳು ಎಂಟನೇ ಕ್ಲಾಸಿನ ಹುಡುಗರ ಬಗ್ಗೆ. ಧ್ವನಿ ಒಡೆಯುವ ವಯಸ್ಸು. "ಅವರು ಬಾಯೇ ಬಿಡಲ್ಲ" ಅಂದರು. ಅವರನ್ನು ಹಿಂದೆ ಕೂರಿಸಿ ಬಾಯಿ ಮುಚ್ಚಿಸಬಾರದು, ಹಾಗೆ ಬಿಟ್ಟರೆ ಎಷ್ಟೋ ಜನ ಜೀವನಪೂರ್ತಿ ಹಾಡುವುದಿಲ್ಲ ಅಂತ ಹೇಳಿದೆ. ಆರಾಮಾಗಿ ಬರುವ ನಾಲ್ಕೈದು ಸ್ವರದೊಳಗೆ ಅವರಿಗೇ ಬೇರೆ ಸಾಲು ಕಟ್ಟಿಕೊಡಬೇಕು, ಜೊತೆಗೆ ತಾಳದ ಕೆಲಸ ಕೊಡಬೇಕು. ಈ ಮಾತನ್ನು ನಾನು ಕೆಲಸಕ್ಕಾಗಿ ಹೇಳಿದ್ದಲ್ಲ. ನನ್ನ ಅಣ್ಣನಿಗೆ ಹದಿಮೂರನೇ ವಯಸ್ಸಿನಲ್ಲಿ ಯಾರೋ "ನೀನು ಸುಮ್ನೆ ತುಟಿ ಆಡಿಸು ಸಾಕು" ಅಂದಿದ್ದರು. ಆಮೇಲೆ ಅವನು ಹಾಡಲೇ ಇಲ್ಲ.

ಕೊನೆಗೆ "ನೀವೇನಾದ್ರೂ ಕೇಳಬೇಕಾ?" ಅಂದರು. ಇದನ್ನು ಓದುತ್ತಿರುವವರು ದಯವಿಟ್ಟು ಇಲ್ಲಿ "ಏನಿಲ್ಲ" ಅನ್ನಬೇಡಿ. ನಾನು ನೋಟ್‌ಬುಕ್ ತೆಗೆದೆ. ಸಂಗೀತಕ್ಕೆ ಬೇರೆ ಕೋಣೆ ಇದೆಯಾ, ಅಥವಾ ನಾನೇ ಕ್ಲಾಸಿಂದ ಕ್ಲಾಸಿಗೆ ಹೋಗಬೇಕಾ? ವಾರಕ್ಕೆ ಎಷ್ಟು ಪೀರಿಯಡ್? ದಿನಕ್ಕೆ ಒಂದರ ಹಿಂದೆ ಒಂದು ಎಷ್ಟು? ವಾದ್ಯ ಏನೇನಿದೆ, ಕೆಟ್ಟರೆ ರಿಪೇರಿ ಯಾರದು? ಪರೀಕ್ಷೆ ಹತ್ತಿರ ಬಂದಾಗ ಸಂಗೀತದ ಪೀರಿಯಡ್ ಬೇರೆ ವಿಷಯಕ್ಕೆ ಹೋಗುತ್ತಾ? ಕಾರ್ಯಕ್ರಮಕ್ಕೆ ಹಾಡು ಆರಿಸುವುದು ಯಾರು? ಪೀರಿಯಡ್ ಹೋಗುವ ಪ್ರಶ್ನೆಗೆ ಅವರು ಒಂದು ನಿಮಿಷ ಸುಮ್ಮನಿದ್ದರು. "ಇಲ್ಲಿವರೆಗೂ ಹೋಗ್ತಿತ್ತು. ನೀವು ಕೇಳಿದ್ರಿ ಅಲ್ವಾ, ನೋಡೋಣ" ಅಂದರು. ನೇರವಾಗಿ ಹೇಳಿದ್ದು ನನಗೆ ಹಿಡಿಸಿತು. ನಾಲ್ಕು ದಿನಕ್ಕೆ ಫೋನ್ ಬಂತು. ವರ್ಷಕ್ಕೆ ಒಪ್ಪಂದ, ವಾರಕ್ಕೆ 22 ಪೀರಿಯಡ್.

ಮೊದಲ ಮೂರು ವಾರದಲ್ಲಿ ನನ್ನ ಗಂಟಲು ಕೂತುಹೋಯಿತು. ಎರಡೂವರೆ ಗಂಟೆ ಕಚೇರಿ ಹಾಡಿ ಏನೂ ಆಗದಿದ್ದ ಗಂಟಲು, ಐದು ಪೀರಿಯಡ್ ಮಾತಿಗೆ ಸೋತಿತು. ಸುತ್ತ ಸದ್ದು ಜಾಸ್ತಿಯಾದರೆ ನಮಗೆ ಗೊತ್ತಿಲ್ಲದೆಯೇ ನಮ್ಮ ಧ್ವನಿ ಏರುತ್ತದೆ. 1911ರಲ್ಲಿ ಎತಿಯೆನ್ ಲೊಂಬಾರ್ ಅನ್ನುವ ಫ್ರಾನ್ಸಿನ ಕಿವಿ ಡಾಕ್ಟರ್ ಇದರ ಬಗ್ಗೆ ಬರೆದರು, ಅವರ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಮಕ್ಕಳು ಜೋರಾದರೆ ನಾನು ಜೋರು, ನಾನು ಜೋರಾದರೆ ಅವರು ಇನ್ನೂ ಜೋರು. ಡಾಕ್ಟರ್ ಒಂದು ವಾರ ಮಾತು ಕಡಿಮೆ ಮಾಡಿ ಅಂದರು. ಪಿಸುಗುಟ್ಟಲೂ ಬೇಡ ಅಂದರು, ಅದೂ ಗಂಟಲಿಗೆ ಭಾರವಂತೆ. ಆ ವಾರ ಅಕ್ಷರಶಃ ಚಪ್ಪಾಳೆ, ಕೈಸನ್ನೆಯಲ್ಲೇ ಪಾಠ ಮಾಡಿದೆ. ಅದು ನನ್ನ ಅತಿ ಒಳ್ಳೆಯ ವಾರ. ಈಗ ನೀರಿನ ಬಾಟಲಿ ಯಾವಾಗಲೂ ಮೇಜಿನ ಮೇಲಿರುತ್ತದೆ, ಎರಡು ಪೀರಿಯಡ್ ಒಂದರ ಹಿಂದೆ ಒಂದು ಬಂದರೆ ಎರಡನೆಯದರಲ್ಲಿ ಮಕ್ಕಳು ಮಾಡುವುದೇ ಜಾಸ್ತಿ ಇರುವ ಹಾಗೆ ನೋಡಿಕೊಳ್ಳುತ್ತೇನೆ.

ಇನ್ನು ಆ ಹುಡುಗ. ಮೂರನೇ ಕ್ಲಾಸು, ಕೊನೆಯ ಬೆಂಚು. ಏನೇ ಹಾಡಿದರೂ ಒಂದೇ ಸ್ವರದಲ್ಲಿ ಹಾಡುತ್ತಿದ್ದ, ಕೆಳಗೆ, ಗುಂಯ್ ಅಂತ. ಪಕ್ಕದವರು ನಗುತ್ತಿದ್ದರು. "ಮಿಸ್, ನಂಗೆ ಹಾಡಕ್ಕೆ ಬರಲ್ಲ, ಮನೇಲೂ ಹೇಳಿದಾರೆ" ಅಂದ. ಎಷ್ಟು ಸಲೀಸಾಗಿ ಹೇಳಿದ ಅಂದರೆ ನನಗೆ ಕಣ್ಣಲ್ಲಿ ನೀರು ಬಂತು.

ಊಟದ ಬಿಡುವಿನಲ್ಲಿ ಐದು ನಿಮಿಷ ಕರೆದೆ. "ಯಾವುದಾದ್ರೂ ಒಂದು ಸ್ವರ ಹಿಡ್ಕೋ, ನಿಂಗೆ ಇಷ್ಟ ಬಂದದ್ದು" ಅಂದೆ. ಹಿಡಿದ. ಹಾರ್ಮೋನಿಯಂನಲ್ಲಿ ಹುಡುಕಿದೆ, ಏಳು ಮನೆ. 'ಎರಡು ಮನೆ'ಯಿಂದ ಮೂರು ಅರ್ಧ ಮನೆ ಕೆಳಗೆ. ನಾನೂ ಅದೇ ಸ್ವರ ಹಿಡಿದೆ. ಇಬ್ಬರ ಧ್ವನಿ ಸೇರಿತು. ಅವನು ತಟ್ಟನೆ ನಿಲ್ಲಿಸಿದ. "ಏನಾಯ್ತು?" ಅಂದೆ. "ಕಿವೀಲಿ ಏನೋ ಆಯ್ತು ಮಿಸ್" ಅಂದ. ತನ್ನ ಧ್ವನಿ ಇನ್ನೊಂದು ಧ್ವನಿಗೆ ಸೇರುವುದು ಹೇಗಿರುತ್ತದೆ ಅಂತ ಆ ಮಗುವಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಎಲ್ಲರೂ "ನಮ್ಮ ಸ್ವರಕ್ಕೆ ಬಾ" ಅಂದಿದ್ದರು. ಅವನ ಸ್ವರಕ್ಕೆ ಯಾರೂ ಹೋಗಿರಲಿಲ್ಲ.

ಅಲ್ಲಿಂದ ಅರ್ಧ ಮನೆ ಮೇಲೆ. ಮರುದಿನ ಇನ್ನರ್ಧ. ಆಂಬುಲೆನ್ಸ್ ಸದ್ದು ಮಾಡಿಸಿದೆ, ಮೇಲಿಂದ ಕೆಳಗೆ ಕೆಳಗಿಂದ ಮೇಲೆ ಜಾರುವ ಹಾಗೆ. ಧ್ವನಿ ಮೇಲೆ ಹೋಗುತ್ತದೆ ಅನ್ನುವುದೇ ಅವನಿಗೆ ಹೊಸದು. ವಾರಕ್ಕೆ ಎರಡು ಸಲ, ಐದೈದು ನಿಮಿಷ. ಮೂರೂವರೆ ತಿಂಗಳು ಹಿಡಿಯಿತು. ನಡುವೆ ಎರಡು ವಾರ ಏನೂ ಆಗಲಿಲ್ಲ, ಹಿಂದಕ್ಕೇ ಹೋದ ಹಾಗಿತ್ತು.

ಆಮೇಲೆ ಒಂದು ಗುರುವಾರ ನಾನು ಮೆಟ್ಟಿಲು ಇಳಿಯುತ್ತಿದ್ದೆ. ಕೈ ತುಂಬ ಪುಸ್ತಕ. ಹಿಂದಿನಿಂದ ಯಾರೋ "ಮಿ—ಸ್ಸ್" ಅಂತ ಕೂಗಿದರು. ಪ–ಗ. ಶುದ್ಧವಾದ ಪ–ಗ. ತಿರುಗಿದರೆ ಅವನು. ಟಿಫನ್ ಡಬ್ಬಿ ಹಿಡಿದುಕೊಂಡು ನಿಂತಿದ್ದಾನೆ, ಏನು ಮಾಡಿದೆ ಅಂತ ಅವನಿಗೇ ಗೊತ್ತಿಲ್ಲ. ಪುಸ್ತಕ ಕೆಳಗಿಟ್ಟು ಅದೇ ಸ್ವರದಲ್ಲಿ ಅವನ ಹೆಸರು ಕರೆದೆ. ಅವನು ಮತ್ತೆ "ಇದ್—ದೇನೆ" ಅಂದ.

ಹೋದ ವಾರ ಫೋನ್ ಮಾಡಿದ್ದೆಯಲ್ಲ, ನೀನು ಇದನ್ನು ಓದುತ್ತೀಯ ಅಂತ ಗೊತ್ತು. ಡೆಮೊಗೆ ಕರೆ ಬಂದ ತಕ್ಷಣ ಹೇಳು. ಎಷ್ಟನೇ ಕ್ಲಾಸು, ಎಷ್ಟು ಮಕ್ಕಳು, ಅದನ್ನು ಮೊದಲು ಕೇಳಿ ತಿಳಿದುಕೋ. ಸಂಜೆ ನಾಲ್ಕರ ಮೇಲೆ ಫೋನ್ ಮಾಡು, ಅಷ್ಟರಲ್ಲಿ ನನ್ನ ಪೀರಿಯಡ್‌ಗಳು ಮುಗಿದಿರುತ್ತವೆ. ಇರುವೆ ಹಾಡು ಬೇಕಿದ್ದರೆ ಕೊಡುತ್ತೇನೆ, ಆದರೆ ನೀನೇ ಒಂದು ಕಟ್ಟಿದರೆ ಇನ್ನೂ ಚೆಂದ. ಮೂರು ಸ್ವರ ಸಾಕು. ಮತ್ತೆ ಶ್ರುತಿಪೆಟ್ಟಿಗೆ ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕು.